ಹಲಸು ತಡವಾಗಿ ಮಾತಾಡಿದ ದಿನ

ನಮ್ಮ ಮನೆಯವರ ಫೋನ್ ಗ್ರೂಪಿನಲ್ಲಿ ನನಗೊಂದು ಕೆಟ್ಟ ಹೆಸರಿದೆ. ಮುಗಿದುಹೋದ ಮಾತಿಗೆ ಉತ್ತರ ಕೊಡುವವನು ನಾನಂತೆ. ಹೋದ ತಿಂಗಳು ನನ್ನ ತಮ್ಮನ ಮಗ, ಭಾನುವಾರದ ಊಟ ಹೋಟೆಲಿನಿಂದ ತರಿಸೋಣವೋ ಮನೆಯಲ್ಲೇ ಮಾಡೋಣವೋ ಎಂದು ಕೇಳಿದ. ನಾನು ಕನ್ನಡಕ ಹುಡುಕಿ, ಒರೆಸಿ, ಮೂಗಿನ ಮೇಲೆ ಇಟ್ಟುಕೊಂಡು, ಬಲಗೈ ತೋರುಬೆರಳೊಂದರಲ್ಲೇ ‘ಮನೆಯಲ್ಲೇ ಮಾಡಿದರೆ ಒಳ್ಳೆಯದು’ ಎಂದು ಒತ್ತಿ ಕಳಿಸಿದೆ. ಅಷ್ಟರಲ್ಲಿ ಊಟದ ವಿಚಾರ ಇತ್ಯರ್ಥವಾಗಿ, ಅತ್ತಿಗೆಯ ಕಣ್ಣಿನ ಪೊರೆಯ ಆಪರೇಷನ್ ಎಲ್ಲಿ ಮಾಡಿಸುವುದು ಎಂಬ ಮಾತು ಶುರುವಾಗಿತ್ತು. ನನ್ನ ಉತ್ತರ ಹೋಗಿ ಅದರ ಕೆಳಗೆ ಕೂತಿತು.

‘ದೊಡ್ಡಪ್ಪ ಉಳಿ, ಸುತ್ತಿಗೆ ರೆಡಿ ಮಾಡ್ಕೊಂಡಿದಾರೆ ಅನ್ಸತ್ತೆ’ ಎಂದು ಆ ಹುಡುಗ ಬರೆದ. ಅತ್ತಿಗೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

“ಮೈಕ್ ಒತ್ತಿ ಮಾತಾಡಿ ಕಳ್ಸಿಬಿಡಿ ದೊಡ್ಡಪ್ಪ, ಯಾಕೆ ಒದ್ದಾಡ್ತೀರ?” ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬರೆಯಲು ಬರುತ್ತದೆ ಎಂದಮೇಲೆ ಬರೆಯಬೇಕು. ಈ ಬೆರಳಿಗೆ ಟೈಪ್ ಮಾಡುವುದನ್ನು ಯಾರೂ ಕಲಿಸಿದ್ದಲ್ಲ. ಒಂದೇ ದಿನ, ಒಂದೇ ಪೀರಿಯಡ್ಡಿನಲ್ಲಿ ತಾನೇ ಕಲಿತದ್ದು.

ನಾನು ಮರಗೆಲಸದವನು. ಸಾರಕ್ಕಿಯಲ್ಲಿ ಹುಟ್ಟಿ, ಜರಗನಹಳ್ಳಿಯಲ್ಲಿ ಅಂಗಡಿ ಇಟ್ಟು, ಜಯನಗರ, ಜೆ.ಪಿ. ನಗರ, ಬನಶಂಕರಿಯ ಎಷ್ಟು ಮನೆಗಳಿಗೆ ಬಾಗಿಲು ನಿಲ್ಲಿಸಿದ್ದೇನೋ ಲೆಕ್ಕವಿಟ್ಟಿಲ್ಲ. ನಾನು ನಿಲ್ಲಿಸಿದ ಬಾಗಿಲು ಮಳೆಗಾಲದಲ್ಲೂ ಉಬ್ಬಿ ಹಿಡಿದುಕೊಂಡದ್ದಿಲ್ಲ. ಇದನ್ನು ಜಂಬ ಎಂದುಕೊಂಡರೆ ಅಂದುಕೊಳ್ಳಿ. ಊರು ಬದಲಾದದ್ದನ್ನು ಬೇರೆಯವರು ರಸ್ತೆ ನೋಡಿ ಹೇಳುತ್ತಾರೆ, ನಾನು ಮೇಜು ನೋಡಿ ಹೇಳಬಲ್ಲೆ. ತೊಂಬತ್ತರ ದಶಕದಲ್ಲಿ ಎಲ್ಲರಿಗೂ ಶೋಕೇಸ್ ಬೇಕಿತ್ತು. ನಡುವೆ ಟೀವಿ, ಟೀವಿಗೆ ಬೀಗ ಹಾಕುವ ಬಾಗಿಲು, ಪಕ್ಕದಲ್ಲಿ ಗಾಜಿನ ಹಿಂದೆ ಯಾರೂ ಕುಡಿಯದ ಕಪ್ಪುಗಳು. ಆಮೇಲೆ ಇದ್ದಕ್ಕಿದ್ದಂತೆ ಕಂಪ್ಯೂಟರ್ ಟೇಬಲ್ಲು. ಬಸವನಗುಡಿಯ ರಿಟೈರಾದ ಮೇಷ್ಟ್ರೊಬ್ಬರು ಕಂಪ್ಯೂಟರ್ ಕೊಳ್ಳುವುದಕ್ಕೆ ಒಂದು ವರ್ಷ ಮುಂಚೆಯೇ ಟೇಬಲ್ ಮಾಡಿಸಿಟ್ಟುಕೊಂಡು, ಅದರ ಕೀಬೋರ್ಡ್ ಹಲಗೆಯ ಮೇಲೆ ದಿನಾ ಕಾಫಿ ಲೋಟ ಇಡುತ್ತಿದ್ದರು.

ಅದರ ಬೆನ್ನಿಗೇ ಸೈಬರ್ ಸೆಂಟರುಗಳು ಬಂದವು. ಬಿಟಿಎಂ ಲೇಔಟಿನಿಂದ ಕೋಣನಕುಂಟೆಯವರೆಗೆ ಗಲ್ಲಿಗೊಂದು. ಒಂದು ಸಣ್ಣ ಮಳಿಗೆಯೊಳಗೆ ಎಂಟು ಹತ್ತು ಗೂಡುಗಳು, ಕೂತವನ ತಲೆ ಪಕ್ಕದವನಿಗೆ ಕಾಣದಷ್ಟು ಎತ್ತರದ ಪ್ಲೈವುಡ್ ಗೋಡೆ, ಮುಂದೆ ಮೊಣಕಾಲೆತ್ತರದಿಂದ ಶುರುವಾಗುವ ಅರ್ಧ ಬಾಗಿಲು. ಅಂಥ ಗೂಡುಗಳನ್ನು ನಾನು ಎಷ್ಟು ಮಾಡಿದೆನೆಂದರೆ, ಕೊನೆಕೊನೆಗೆ ಟೇಪು ಹಿಡಿಯುತ್ತಲೇ ಇರಲಿಲ್ಲ. ಅಳತೆ ಕೈಯಲ್ಲೇ ಕೂತಿತ್ತು.

ಈ ಕೈಯೇ ನನ್ನನ್ನು ಸಿಕ್ಕಿಹಾಕಿಸಿದ್ದು.

ಜೆ.ಪಿ. ನಗರದಲ್ಲಿ ನನ್ನ ಮಗಳು ಸುನೀತಾ ಓದುತ್ತಿದ್ದ ಹೈಸ್ಕೂಲಿಗೆ ಹಳೆಯ ವಿದ್ಯಾರ್ಥಿಗಳು ಸೇರಿ ಇಪ್ಪತ್ತು ಕಂಪ್ಯೂಟರ್ ಕೊಡಿಸಿದರು. ಟೇಬಲ್ ಮಾಡುವ ಕೆಲಸ ನನಗೆ ಬಂತು. ಮಗಳ ಶಾಲೆ ಎಂದಮೇಲೆ ಕೇಳಬೇಕೆ? ದಸರಾ ರಜೆಯ ಅಷ್ಟೂ ದಿನ ನಾನೇ ನಿಂತು ಮಾಡಿಸಿದೆ. ಸನ್‌ಮೈಕಾದ ಅಂಚಿನಲ್ಲಿ ಮಕ್ಕಳ ಕೈ ತರಚದಂತೆ ಬೀಡಿಂಗ್ ಪಟ್ಟಿ ಹೊಡೆದೆ. ರಜೆ ಮುಗಿದ ಮೇಲೆ ಹೆಡ್‌ಮಾಸ್ಟರ್ ಬಾಗಿಲು ತೆಗೆದು ನೋಡಿದವರು ಹೊಸಲಿನಲ್ಲೇ ನಿಂತರು.

“ಏನ್ರೀ ರಾಜಣ್ಣ ಇದು? ಸ್ಕೂಲಲ್ಲಿ ಸೈಬರ್ ಸೆಂಟರ್ ಮಾಡಿಟ್ಟಿದೀರಲ್ರೀ!”

ನೋಡಿದೆ. ನಿಜ. ಇಪ್ಪತ್ತು ಗೂಡು, ಇಪ್ಪತ್ತು ಅರ್ಧ ಬಾಗಿಲು. ಒಳಗೆ ಮಕ್ಕಳನ್ನು ಕೂರಿಸಿದರೆ ಮೇಷ್ಟ್ರಿಗೆ ಇಪ್ಪತ್ತು ಜೊತೆ ಕಾಲು ಬಿಟ್ಟು ಇನ್ನೇನೂ ಕಾಣುವ ಹಾಗಿರಲಿಲ್ಲ. ನನ್ನ ಮುಖದ ನೀರಿಳಿಯಿತು. “ಈಗಲೇ ಕಿತ್ತಾಕ್ತೀನಿ ಸಾರ್” ಎಂದೆ. ಆಗ ಸಮಾಜ ಪಾಠ ಮಾಡುವ ವಸುಂಧರಾ ಮೇಡಂ ಹಿಂದಿನಿಂದ ಬಂದು ಇಣುಕಿದರು. ಸಣ್ಣ ಆಳು, ದೊಡ್ಡ ದನಿ.

“ಬಾಗಿಲು ತೆಗೀರಿ. ಗೋಡೆ ಇರ್ಲಿ. ಒಬ್ರ ಮುಖ ಒಬ್ರಿಗೆ ಕಾಣಬಾರ್ದು. ನಂಗೆ ಇಂಥದೇ ಬೇಕಿತ್ತು.”

ಯಾಕೆ ಬೇಕಿತ್ತು ಎಂಬುದು ಸುನೀತಾಳಿಂದ ಗೊತ್ತಾಯಿತು. ವಾರಕ್ಕೊಂದು ದಿನ ಮೇಡಂ ಅರ್ಧ ಕ್ಲಾಸನ್ನು ಆ ಕೋಣೆಗೆ ಕರೆದುಕೊಂಡು ಹೋಗಿ, ಒಂದು ವಿಷಯ ಕೊಟ್ಟು, ಚಾಟ್ ಮಾಡಿಸುತ್ತಿದ್ದರು. ಬಾಯಿ ಬಿಡುವಂತಿಲ್ಲ. ಹೇಳಬೇಕಾದ್ದನ್ನೆಲ್ಲ ಟೈಪ್ ಮಾಡಬೇಕು, ಅದು ಎಲ್ಲರ ಪರದೆಯ ಮೇಲೂ ಬರುತ್ತದೆ. ಯಾರಿಗೂ ಸ್ವಂತ ಹೆಸರಿಲ್ಲ. ಮೇಡಂ ಚೀಟಿ ಎತ್ತಿಸಿ ಒಬ್ಬೊಬ್ಬರಿಗೂ ಒಂದೊಂದು ಮರದ ಹೆಸರು ಕೊಟ್ಟಿದ್ದರು. ಯಾರು ಯಾವ ಮರ ಎಂದು ಮೇಡಂಗೆ ಮಾತ್ರ ಗೊತ್ತು.

ನನಗೆ ನಗು ತಡೆಯಲಾಗಲಿಲ್ಲ. ಒಂದೇ ಕೋಣೆ, ಕೈಗೆಟುಕುವಷ್ಟು ಹತ್ತಿರ, ದೇವರು ಕೊಟ್ಟ ಬಾಯಿ ಇದೆ. ಅದನ್ನು ಮುಚ್ಚಿಕೊಂಡು ತಂತಿಯಲ್ಲಿ ಮಾತು ಕಳಿಸುವುದೇ? ಅವತ್ತು ಊಟಕ್ಕೆ ಕೂತಾಗ ಹಾಲು ತರುವ ಚೀಟಿಯ ಹಿಂದೆ ‘ಸಾರು ಬಡಿಸು’ ಎಂದು ಬರೆದು ಹೆಂಡತಿಯ ಮುಂದೆ ತಳ್ಳಿದೆ.

“ಏನ್ರೀ, ಗಂಟಲು ಕಟ್ಟಿದ್ಯಾ?” ಎಂದಳು ಪದ್ಮ.

“ನಿನ್ ಮಗಳ ಸ್ಕೂಲಲ್ಲಿ ಹೀಗಂತೆ. ಅಲ್ಲಾ ಸುನಿ, ನೀನು ಯಾವ ಮರ?”

“ಹೇಳಂಗಿಲ್ಲ” ಎಂದಳು ಸುನೀತಾ.

ಅವಳು ಇಡೀ ದಿನದಲ್ಲಿ ಆಡುತ್ತಿದ್ದುದು ಇಂಥವೇ ನಾಲ್ಕು ಮಾತು. ಒಂದನೇ ಕ್ಲಾಸಿನಿಂದ ಪ್ರತಿ ವರ್ಷ ಶಾಲೆಗೆ ಕರೆಸಿದಾಗ ಮೇಷ್ಟ್ರುಗಳು ಹೇಳುವುದು ಒಂದೇ. ಬರೆಯುತ್ತಾಳೆ, ಮಾರ್ಕ್ಸ್ ತೆಗೆಯುತ್ತಾಳೆ, ಎದ್ದು ನಿಲ್ಲಿಸಿದರೆ ಬಾಯಿ ಬಿಡುವುದಿಲ್ಲ. “ಮನೇಲಿ ಹೇಗೆ?” ಎಂದು ಕೇಳುತ್ತಿದ್ದರು. ಮನೆಯಲ್ಲಿ ನನ್ನ ಗರಗಸವೇ ಮಾತಾಡುತ್ತದೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಹೊರಗೆ ಬಂದು ಸ್ಕೂಟರ್ ಒದೆಯುವಾಗ ಮಾತ್ರ ಕಾಲು ಭಾರವಾಗಿರುತ್ತಿತ್ತು. ಆ ಬಾಯಿ ಬಿಡದ ರೋಗ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು, ಸ್ವಲ್ಪ ನಾಚಿಕೆಯದು. ಪ್ರತಿ ಜೂನಿನಲ್ಲಿ ಶಾಲೆಯಿಂದ ಮಗುವಿನ ವಿವರ ತುಂಬುವ ಒಂದು ಹಾಳೆ ಬರುತ್ತಿತ್ತು. ಅದರಲ್ಲಿ ‘ತಂದೆಯ ವಿದ್ಯಾಭ್ಯಾಸ’ ಎಂದೊಂದು ಚೌಕದ ಮನೆ. ಆ ಮನೆಯಲ್ಲಿ ನಾನು ಪ್ರತಿ ವರ್ಷ ದುಂಡಗೆ ‘ಎಸ್.ಎಸ್.ಎಲ್.ಸಿ.’ ಎಂದು ಬರೆಯುತ್ತಿದ್ದೆ. ಚುಕ್ಕಿಗಳನ್ನೂ ಬಿಡುತ್ತಿರಲಿಲ್ಲ. ಮಗಳಿಗೂ ಹಾಗೆಯೇ ಹೇಳಿದ್ದೆ. ಹತ್ತನೆಯದು ಪಾಸು, ಮುಂದೆ ಓದಲು ಮನೆಯಲ್ಲಿ ಕಷ್ಟ ಎಂದು.

ನಿಜವೆಂದರೆ ನಾನು ಓದಿದ್ದು ಏಳು. ಮನೆಯಲ್ಲಿ ಕಷ್ಟವಿತ್ತು, ಆದರೆ ಶಾಲೆ ಬಿಡಿಸುವಷ್ಟಿರಲಿಲ್ಲ. ಅಪ್ಪ ಸಾರಕ್ಕಿ ಕೆರೆಯ ಪಕ್ಕ ಸೊಪ್ಪು ಬೆಳೆದು ಮಾರುತ್ತಿದ್ದರು. ಹೊಸ ಚಡ್ಡಿ ಹೊಲಿಸಿ ಜಯನಗರದ ಹೈಸ್ಕೂಲಿಗೆ ಸೇರಿಸಿದ್ದರು. ಮೊದಲ ದಿನ ಇಂಗ್ಲಿಷ್ ಮೇಷ್ಟ್ರು ಎಬ್ಬಿಸಿ ಪಾಠ ಓದು ಎಂದರು. ಅಕ್ಷರ ಕಾಣುತ್ತಿತ್ತು, ಬಾಯಿ ತೆರೆಯಲಿಲ್ಲ. ಕ್ಲಾಸು ನಕ್ಕಿತು. ಎರಡನೆಯ ದಿನವೂ ನನ್ನನ್ನೇ ಎಬ್ಬಿಸಿದರು. ಮೂರನೆಯ ದಿನ ಎಬ್ಬಿಸುವ ಮೊದಲೇ ನಕ್ಕರು. ನಾಲ್ಕನೆಯ ದಿನ ಮನೆಯಿಂದ ಚೀಲ ಹೊತ್ತು ಹೊರಟವನು ಕನಕಪುರ ರಸ್ತೆಯ ಮರದ ಡಿಪೋದಲ್ಲಿ ಕೂತೆ. ಅಲ್ಲಿ ಇಬ್ಬರು ದಿಮ್ಮಿ ಕೊಯ್ಯುತ್ತಿದ್ದರು. ಆ ಗರಗಸದ ಸದ್ದಿನಲ್ಲಿ ಯಾರೂ ಯಾರನ್ನೂ ಮಾತಾಡಿಸುವ ಹಾಗಿರಲಿಲ್ಲ. ಮರದ ಪುಡಿ ಬೆಚ್ಚಗೆ ಕಾಲಿನ ಮೇಲೆ ಬೀಳುತ್ತಿತ್ತು. ನನಗೆ ಅದಕ್ಕಿಂತ ಸುಖದ ಜಾಗ ಭೂಮಿಯ ಮೇಲಿಲ್ಲ ಅನ್ನಿಸಿತು. ವಾರವಾದ ಮೇಲೆ ಅಪ್ಪನಿಗೆ ಗೊತ್ತಾಯಿತು. “ಯಾಕ್ಲಾ?” ಎಂದರು. ಅದಕ್ಕೂ ನಾನು ಬಾಯಿ ಬಿಡಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು, ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸಲು ಹೋದರು.

ಇಷ್ಟೇ ನನ್ನ ವಿದ್ಯಾಭ್ಯಾಸ. ಆಮೇಲೆ ಪೇಪರ್ ಓದಿದೆ, ಪುಸ್ತಕ ಓದಿದೆ, ಪ್ಲೈವುಡ್ ಹಾಳೆಯ ಮೇಲಿನ ಇಂಗ್ಲಿಷನ್ನೂ ಓದುವಂತಾದೆ. ಆ ಹಾಳೆಯ ಮನೆಯಲ್ಲಿ ‘ಏಳು’ ಎಂದು ಬರೆಯುವುದು ಮಾತ್ರ ಆಗುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕಂಪ್ಯೂಟರ್ ಕೋಣೆಯ ಕೀಬೋರ್ಡ್ ಹಲಗೆಯೊಂದು ಜಾಮ್ ಆಗಿದೆ ಎಂದು ಕರೆ ಬಂತು. ಹೋದೆ. ಕಡೆಯ ಸಾಲಿನ ಟೇಬಲ್ಲು. ಹಲಗೆ ಜಾರುವ ಚಾನೆಲ್ ಬಿಚ್ಚಿ, ಒಳಗೆ ಸಿಕ್ಕಿಕೊಂಡಿದ್ದ ಚಾಕಲೇಟ್ ಕಾಗದ ಕಿತ್ತು, ಎಣ್ಣೆ ಬಿಟ್ಟು ಕೂರಿಸುವಷ್ಟರಲ್ಲಿ ಬೆಲ್ಲಾಯಿತು. ಒಂಬತ್ತನೇ ಕ್ಲಾಸು ದಬದಬ ಒಳಗೆ ಬಂತು. ನಾನು ಟೇಬಲ್ಲಿನ ಕೆಳಗಿದ್ದೆ. ನನಗೆ ಕಂಡದ್ದು ಕಾಲುಗಳು ಮಾತ್ರ. ಎಲ್ಲವೂ ಒಂದೇ ಥರದ ಕಪ್ಪು ಶೂ. ಅದರಲ್ಲಿ ನನ್ನ ಮಗಳದ್ದು ಯಾವುದೋ.

ಇನ್ನೇನು ಎದ್ದು ಹೊರಡಬೇಕು, ಅಷ್ಟರಲ್ಲಿ ಮೇಡಂ ಬಂದು ಪಿಸುಗುಟ್ಟಿದರು.

“ರಾಜಣ್ಣ, ಈ ಸೀಟಿನ ಹುಡುಗ ಇವತ್ತು ಬಂದಿಲ್ಲ. ಕೂತ್ಕೊಳ್ಳಿ.”

“ಅಯ್ಯೋ, ಬೇಡ ಮೇಡಂ. ಕೆಲ್ಸ ಐತೆ.”

“ಇವತ್ತಿನ ವಿಷಯ ನೋಡಿ ಆಮೇಲೆ ಹೋಗಿ.”

ನೋಡಿದೆ. ಪರದೆಯ ಮೇಲೆ ಅವರು ಮೊದಲ ಸಾಲು ಹಾಕಿದ್ದರು. ಕನ್ನಡದ ಮಾತು, ಇಂಗ್ಲಿಷ್ ಅಕ್ಷರ. ‘ಅರ್ಧಕ್ಕೇ ಶಾಲೆ ಬಿಡುವವರು: ತಪ್ಪು ಯಾರದು?’ ಮೇಡಂಗೆ ನನ್ನ ವಿಚಾರವೇನೂ ಗೊತ್ತಿರಲಿಲ್ಲ. ಅವರ ದಾಖಲೆಯಲ್ಲಿ ನಾನು ಎಸ್.ಎಸ್.ಎಲ್.ಸಿ. ಆದರೂ ಕಾಲು ಏಳಲಿಲ್ಲ. ನಾನೇ ಮಾಡಿದ ಗೂಡಿನಲ್ಲಿ ನಾನೇ ಕೂತೆ. ಆ ಸೀಟಿನ ಹೆಸರು ಹಲಸು. ಪರದೆಯ ಮೇಲೆ ಸಾಲುಗಳು ಒಂದರ ಕೆಳಗೊಂದು ಬೀಳತೊಡಗಿದವು.

ತೇಗ: ಬಿಡೋರು ಸೋಮಾರಿಗಳು.

ಬೇವು: ಮೊದ್ಲು ನಿನ್ ಹೋಮ್‌ವರ್ಕ್ ತೋರ್ಸು ಗುರು.

ತೇಗ: ಸಬ್ಜೆಕ್ಟ್ ಮಾತ್ರ ಮಾತಾಡು ಮಗಾ.

ಹುಣಸೆ: ಬಡತನ ಇರತ್ತೆ. ಪಾಪ.

ಸಂಪಿಗೆ: ಎಲ್ಲದಕ್ಕೂ ಬಡತನ ಅನ್ನೋದು ನೆಪ. ಅಪ್ಪ ಅಮ್ಮ ಓದಿರಲ್ಲ, ಅದಕ್ಕೆ ಮಕ್ಕಳಿಗೂ ಓದಿನ ಬೆಲೆ ಗೊತ್ತಾಗಲ್ಲ.

ಈ ಸಂಪಿಗೆ ಉದ್ದುದ್ದ ಬರೆಯುತ್ತಿತ್ತು, ತಪ್ಪಿಲ್ಲದೆ, ವೇಗವಾಗಿ. ನಾನು ಮರಗೆಲಸದವನಲ್ಲವೇ, ಮರ ನೋಡಿ ಅಳೆಯುವುದು ಅಭ್ಯಾಸ. ಸಂಪಿಗೆ ನುಣುಪಾದ ಮರ, ಉಜ್ಜಿದರೆ ರೇಷ್ಮೆ. ಇದೇ ನನ್ನ ಮಗಳು ಎಂದು ತೀರ್ಮಾನ ಮಾಡಿದೆ. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ನೋಡು ಎಂದು ಮೊದಲು ಎದೆ ಉಬ್ಬಿತು. ಆಮೇಲೆ ಅವಳು ಬರೆದದ್ದನ್ನು ಇನ್ನೊಮ್ಮೆ ಓದಿದೆ. ನೆಪ. ಆ ಮಾತು ಎಲ್ಲಿ ತಗುಲಬೇಕೋ ಅಲ್ಲೇ ತಗುಲಿತು.

ಬರೆಯಲೇಬೇಕು ಅನ್ನಿಸಿತು. ಕೀಬೋರ್ಡಿನಲ್ಲಿ ಅಕ್ಷರಗಳು ಎ ಬಿ ಸಿ ಎಂದು ಸಾಲಾಗಿ ಇರುತ್ತವೆ ಎಂದುಕೊಂಡಿದ್ದೆ. ನೂರಾರು ಕೀಬೋರ್ಡಿಗೆ ಹಲಗೆ ಮಾಡಿದವನಿಗೆ ಅದರ ಮೈ ಯಾವತ್ತೂ ಕಣ್ಣಿಗೆ ಬಿದ್ದಿರಲಿಲ್ಲ. ಯಾರೋ ಮೊಳೆ ಡಬ್ಬ ನೆಲಕ್ಕೆ ಸುರಿದ ಹಾಗಿತ್ತು. ಮೊದಲು ಹಳೆಯ ಕತೆಯನ್ನೇ ಬರೆಯಲು ಹೊರಟೆ. ಮನೆಯ ಕಷ್ಟ, ಹತ್ತನೆಯದು ಪಾಸು, ಇತ್ಯಾದಿ. ನಾಲ್ಕು ಅಕ್ಷರ ಹುಡುಕುವಷ್ಟರಲ್ಲಿ ಸಾಕಾಯಿತು. ಆ ಸುಳ್ಳು ಬಹಳ ಉದ್ದವಿತ್ತು. ಒಂದೇ ಬೆರಳಿನವನಿಗೆ ಎಟುಕುವಂಥದ್ದಲ್ಲ. ಅಳಿಸುವುದು ಹೇಗೆಂದು ಮೇಡಂ ತೋರಿಸಿಕೊಟ್ಟರು. ಅಳಿಸಿದೆ. ಚಿಕ್ಕದಾಗಿ ಏನಿತ್ತೋ ಅದನ್ನು ಬರೆದೆ. ಒಂದೊಂದು ಅಕ್ಷರ ಸಿಕ್ಕಿದಾಗಲೂ ಮತ್ತೆ ತಪ್ಪಿಸಿಕೊಂಡು ಹೋದೀತೆಂದು ಗಟ್ಟಿಯಾಗಿ ಕುಟ್ಟಿದೆ. ಬೆವರು ಕನ್ನಡಕದ ಮೇಲೆ ಬಿತ್ತು.

ನಾನು ಮುಗಿಸುವಷ್ಟರಲ್ಲಿ ಚರ್ಚೆ ಮುಗಿದೇ ಹೋಗಿತ್ತು. ಮುಂದಿನ ವಾರ ಯಾವ ವಿಷಯ ತೆಗೆದುಕೊಳ್ಳೋಣ ಎಂದು ಮೇಡಂ ಕೇಳಿಯಾಗಿತ್ತು.

ಹುಣಸೆ: ಕ್ರಿಕೆಟ್.

ಬೇವು: ಕ್ಯಾಂಟೀನ್ ಸಮೋಸಾ ಯಾಕೆ ಚಿಕ್ಕದಾಯ್ತು?

ತೇಗ: ಸಮೋಸಾಗೆ ನನ್ ವೋಟು ಮಗಾ.

ಹಲಸು: ನಾನು ಎಂಟನೇ ಕ್ಲಾಸಿನ ನಾಕನೇ ದಿನ ಬಿಟ್ಟೆ. ಬಡತನ ಅಲ್ಲ. ಅಪ್ಪನ ತಪ್ಪಲ್ಲ. ಎದ್ದು ಓದು ಅಂದ್ರು. ಬಾಯಿ ಬರಲಿಲ್ಲ. ನಕ್ಕರು. ಭಯ.

ಅಂಗಡಿಯಲ್ಲಿ ಮೆಷಿನ್ ಓಡುವಾಗ ಕರೆಂಟ್ ಹೋದರೆ ಒಂದು ಮೌನ ಬರುತ್ತದೆ, ಕಿವಿಗೆ ಹೊಡೆಯುವಂಥದ್ದು. ಆ ಕೋಣೆಯಲ್ಲಿ ಕೀಲಿಗಳ ಸದ್ದು ಹಾಗೆ ನಿಂತಿತು. ಯಾರೂ ನಗಲಿಲ್ಲ, ಯಾರೂ ಬರೆಯಲಿಲ್ಲ. ಸಂಪಿಗೆಯೂ ಬರೆಯಲಿಲ್ಲ. ಅಯ್ಯೋ, ಎಲ್ಲಿ ಹಾಕಬಾರದೋ ಅಲ್ಲಿ ಹಾಕಿಬಿಟ್ಟೆನಲ್ಲ, ಸಮೋಸಾದ ಕೆಳಗೆ ಹೋಗಿ ನನ್ನ ಜೀವನ ಹೇಳಿಬಿಟ್ಟೆನಲ್ಲ ಎಂದು ಕೂತಲ್ಲೇ ಕುಗ್ಗಿದೆ. ಆಗ ಅದುವರೆಗೆ ಒಂದು ಅಕ್ಷರವನ್ನೂ ಬರೆಯದಿದ್ದ ಒಂದು ಮರ ಮಾತಾಡಿತು.

ಹೊಂಗೆ: ಈಗಲೂ ಭಯ ಇದೆಯಾ?

ಅಕ್ಷರ ಹುಡುಕಿದೆ. ಇಂಗ್ಲಿಷಿನವು ಮೂರೇ ಸಾಕಾದವು.

ಹಲಸು: ಇದೆ.

ಹೊಂಗೆ: ನನಗೂ ಇದೆ.

ಬೆಲ್ಲಾಯಿತು. ಸ್ಟೂಲು ಎಳೆದ ಸದ್ದು, ಶೂಗಳ ಸದ್ದು. ನಾನು ಮತ್ತೆ ಟೇಬಲ್ಲಿನ ಕೆಳಗೆ ಬಗ್ಗಿ, ಇಲ್ಲದ ಸ್ಕ್ರೂ ಬಿಗಿ ಮಾಡುತ್ತಿದ್ದೆ. ಎಲ್ಲರೂ ಹೋದ ಮೇಲೆ ಮೇಡಂ ಮುಂದೆ ನಿಂತು ಕೇಳಿದೆ.

“ಮೇಡಂ, ಆ ಸಂಪಿಗೆ ನಮ್ ಹುಡುಗೀನಾ?”

“ಹೇಳಲ್ಲ ರಾಜಣ್ಣ. ಒಬ್ರದ್ದು ಹೇಳಿದ್ರೂ ನಾಳೆಯಿಂದ ಯಾರೂ ಬರೆಯಲ್ಲ. ನಿಮ್ಮದೂ ನಾನು ಯಾರಿಗೂ ಹೇಳಲ್ಲ.” ಅವರ ದೊಡ್ಡ ದನಿ ಅವತ್ತು ಸಣ್ಣಗಿತ್ತು.

ಆಮೇಲಿನ ದಿನಗಳು ನನಗೆ ಕಷ್ಟದವು. ಮನೆಯಲ್ಲಿ ಮಗಳ ಮುಖವನ್ನು ಕದ್ದು ನೋಡುತ್ತಿದ್ದೆ. ಅಪ್ಪ ಓದಿಲ್ಲ ಎಂದರೆ ಇವಳ ಕಣ್ಣಲ್ಲಿ ನಾನು ಇಷ್ಟೇನಾ? ಪರೀಕ್ಷೆ ಮಾಡೋಣವೆಂದು ಸಾರಕ್ಕಿ ಮಾರ್ಕೆಟ್ಟಿನಿಂದ ಸಂಪಿಗೆ ಹೂವು ತಂದು ಕೊಟ್ಟು, “ನಿನಗೆ ಇಷ್ಟ ಅಲ್ವಾ ಸಂಪಿಗೆ?” ಎಂದು ಒತ್ತಿ ಕೇಳಿದೆ. “ತಲೆ ನೋಯತ್ತೆ ಅಪ್ಪ ಇದರ ವಾಸನೆಗೆ” ಎಂದು ಅಮ್ಮನಿಗೆ ಕೊಟ್ಟಳು. ಪದ್ಮ ಮುಡಿದುಕೊಂಡು, ಮದುವೆಯಾದ ಹೊಸದರಲ್ಲೂ ಹೂವು ತರದವನಿಗೆ ಈಗ ಏನಾಯಿತು ಎಂದು ಒಂದು ವಾರ ನನ್ನನ್ನೇ ಅನುಮಾನದಿಂದ ನೋಡಿದಳು. ಹೊಂಗೆಯ ವಿಚಾರ ನನ್ನ ತಲೆಗೇ ಬರಲಿಲ್ಲ. ಹೊಂಗೆಯಲ್ಲಿ ನಾನು ಜೀವಮಾನದಲ್ಲಿ ಒಂದು ಮಣೆಯನ್ನೂ ಮಾಡಿಲ್ಲ. ಬೇಗ ಹುಳು ಹಿಡಿಯುವ ಮರ. ಅದರ ಕೆಳಗೆ ನೆರಳಿನಲ್ಲಿ ಕೂತು ಬೇರೆ ಮರದ ಕೆಲಸ ಮಾಡಿದ್ದೇನೆ, ಅಷ್ಟೇ.

ಜೂನ್ ಬಂತು. ಸುನೀತಾ ಹತ್ತನೇ ಕ್ಲಾಸು. ಶನಿವಾರ ಮಧ್ಯಾಹ್ನ ಅಂಗಡಿಗೇ ಬಂದು ಆ ವಿವರದ ಹಾಳೆಯನ್ನು ನನ್ನ ಮುಂದೆ, ಅರ್ಧ ಉಜ್ಜಿದ ಹಲಗೆಯ ಮೇಲೆ ಇಟ್ಟಳು. ಎಲ್ಲವನ್ನೂ ತಾನೇ ತುಂಬಿದ್ದಳು. ಹೆಸರು, ವಿಳಾಸ, ಅಮ್ಮನ ಹೆಸರು. ಒಂದು ಮನೆ ಮಾತ್ರ ಖಾಲಿ ಬಿಟ್ಟಿದ್ದಳು.

“ಇದೊಂದ್ಯಾಕೆ ಬಿಟ್ಟೆ? ಪ್ರತಿ ವರ್ಷ ಬರೆಯೋದು ಗೊತ್ತಲ್ವಾ?”

“ಅದು ನಿನ್ ಮನೆ ಅಪ್ಪ. ನೀನೇ ತುಂಬು.”

ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದೆ. “ಪೆನ್ಸಿಲ್ ನಡೆಯಲ್ಲ” ಎಂದು ಪೆನ್ನು ಕೊಟ್ಟಳು. ನಾನು ಪೆನ್ನು ಹಿಡಿದು ಎಷ್ಟು ಹೊತ್ತು ನಿಂತೆನೋ. ಎದುರಿಗೆ ಬಸ್ಸುಗಳು ಕನಕಪುರ ರಸ್ತೆಯಲ್ಲಿ ಹೋದವು, ಬಂದವು. ಅವಳು ಅವಸರ ಮಾಡಲಿಲ್ಲ. ಕೊನೆಗೆ ಬರೆದೆ. ‘ಏಳನೇ ತರಗತಿ.’ ದುಂಡಗೇ ಬರೆದೆ. ಬರೆದು ತಲೆ ಎತ್ತಲಿಲ್ಲ.

ಅವಳು ಹಾಳೆ ಎತ್ತಿ, ಅಂಟಿದ್ದ ಮರದ ಪುಡಿ ಊದಿದಳು.

“ಆವತ್ತು ಹೊಂಗೆ ನಾನೇ.”

ಪೆನ್ನು ಹಲಗೆಯ ಮೇಲಿಟ್ಟೆ. “ಹಲಸು ನಾನು ಅಂತ ನಿಂಗೆ ಯಾರ್ ಹೇಳಿದ್ರು? ಮೇಡಮ್ಮಾ?”

“ಯಾರ್ ಹೇಳ್ಬೇಕು? ಇಡೀ ಲ್ಯಾಬಲ್ಲಿ ಎಲ್ಲರೂ ಟಕಟಕ ಅಂತ ಒತ್ತುತಾ ಇದ್ರೆ, ಹಿಂದಿನ ಸಾಲಲ್ಲಿ ಒಬ್ರು ಕೀಬೋರ್ಡಿಗೆ ಮೊಳೆ ಹೊಡೀತಾ ಇದ್ರು. ಒಂದು ಏಟು, ಆಮೇಲೆ ನಿಲ್ಸೋದು. ಇನ್ನೊಂದು ಏಟು. ಹುಟ್ಟಿದಾಗಿಂದ ಕೇಳ್ತಾ ಇದೀನಿ ಆ ಸದ್ದು. ಗೊತ್ತಾಗಲ್ವಾ?”

ಎತ್ತರದ ಗೋಡೆ ಕಟ್ಟಿ ಮುಖ ಮರೆಮಾಡಿದ್ದೆ. ಸದ್ದಿನ ಕಡೆ ಗಮನ ಕೊಟ್ಟಿರಲಿಲ್ಲ. ಕೆಲಸದಲ್ಲಿ ಇದೊಂದು ಲೋಪ ಉಳಿದುಹೋಯಿತು. ಅದಿರಲಿ, ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆಮೇಲೆ ಅವಳು ವಾಚಾಳಿಯಾದಳು ಎಂದೇನೂ ಹೇಳುವುದಿಲ್ಲ. ಆ ವರ್ಷ ಒಂದೆರಡು ಸಲ ಕ್ಲಾಸಿನಲ್ಲಿ ತಾನೇ ಕೈ ಎತ್ತಿದಳೆಂದು ಮೇಡಂ ಹೇಳಿದರು, ಅಷ್ಟೆ. ಈಗ ಬನಶಂಕರಿಯಲ್ಲಿದ್ದಾಳೆ. ಮಾತು ತಡವಾಗಿ ಬರುವ ಮಕ್ಕಳಿಗೆ ಮಾತು ಕಲಿಸುವ ಕೆಲಸ ಮಾಡುತ್ತಾಳೆ. ಆ ಮಕ್ಕಳು ಕೂರುವ ಪುಟ್ಟ ಕುರ್ಚಿಗಳು ನನ್ನವೇ. ಗೋಡೆ ಬೇಡ ಅಂದಳು, ಹಾಕಲಿಲ್ಲ. ಆ ಶಾಲೆಯ ಗೂಡುಗಳನ್ನು ಯಾವಾಗಲೋ ಕಿತ್ತರು. ಸೈಬರ್ ಸೆಂಟರುಗಳೂ ಹೋದವು. ನನ್ನ ಆ ಕಾಲದ ಕೆಲಸದಲ್ಲಿ ಉಳಿದದ್ದು ಕಮ್ಮಿ.

ಇವತ್ತು ಬೆಳಿಗ್ಗೆ ಗ್ರೂಪಿನಲ್ಲಿ ಮತ್ತೊಂದು ಚರ್ಚೆ. ಅತ್ತಿಗೆ ಆಪರೇಷನ್ ಮುಗಿಸಿ ಮನೆಗೆ ಬಂದಿದ್ದಾರೆ, ನೋಡಲು ಯಾರು ಯಾವಾಗ ಹೋಗುವುದು ಎಂದು. ನಾನೂ ಬೆರಳು ಎತ್ತಿದೆ. ನಾನು ಬರೆಯುತ್ತಿದ್ದರೆ ಎಲ್ಲರ ಫೋನಿನ ಪರದೆಯ ನೆತ್ತಿಯ ಮೇಲೆ ಅದು ಕಾಣುತ್ತದಂತೆ. ತಮ್ಮನ ಮಗ ಆಗಲೇ ಇನ್ನೊಂದು ವಿಷಯಕ್ಕೆ ಹಾರಿದ್ದ. ಅಷ್ಟರಲ್ಲಿ ಸುನೀತಾಳ ಸಾಲೊಂದು ಬಂದು ಬಿತ್ತು. ಗ್ರೂಪಿನ ಉಳಿದವರಿಗೆ ಅದು ಅರ್ಥವಾಗಿರಲಿಕ್ಕಿಲ್ಲ. ಆದರೂ ಎಲ್ಲರೂ ಸುಮ್ಮನಾದರು.

‘ಒಂದ್ನಿಮಿಷ ತಡೀರಿ. ಹಲಸು ಬರೀತಾ ಇದೆ.’